ಪುಟ ಕಟ್ಟೋದು ಕಲಿಯಲು ಕ್ಲಾಸೋ, ವೀಡಿಯೊನೋ, ಪ್ರೆಸ್ಸೋ?

ಕನ್ನಡದಲ್ಲಿ ಪುಟ ವಿನ್ಯಾಸ ಕಲಿಯಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ: ಬೆಂಗಳೂರಿನ ಚಾಮರಾಜಪೇಟೆಯ ಕಡೆ ಯಾವುದಾದರೂ ಸಣ್ಣ ಪ್ರೆಸ್ಸಿನಲ್ಲಿ ನಾಲ್ಕು ಶನಿವಾರ ಕೂತು ಬನ್ನಿ. ಇದು ನನಗೆ ಗೊತ್ತಾಗುವ ಹೊತ್ತಿಗೆ ಮೂರು ತಿಂಗಳ ಕ್ಲಾಸಿಗೆ 18,000 ರೂಪಾಯಿ ಕಟ್ಟಿಯಾಗಿತ್ತು.

ನಮ್ಮ ಬಡಾವಣೆಯ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆ ನನ್ನ ತಲೆಗೆ ಬಂದಿತ್ತು. ಡೆಮಿ 1/8 ಅಳತೆ (ಸಾಮಾನ್ಯ ಕಾದಂಬರಿಯಷ್ಟು), 48 ಪುಟ. ಅದಕ್ಕೆಂದೇ ಕ್ಲಾಸಿಗೆ ಸೇರಿದ್ದು. ಸಂಬಂಧಪಟ್ಟದ್ದನ್ನು ಹತ್ತಿರ ಇಡುವುದು, ಎಲ್ಲವನ್ನೂ ಒಂದು ಅಂಚಿಗೆ ಕೂಡಿಸುವುದು, ತಲೆಬರಹಕ್ಕೂ ಮೈಬರಹಕ್ಕೂ ಎದ್ದು ಕಾಣುವ ವ್ಯತ್ಯಾಸ, ಒಂದೇ ಶೈಲಿಯನ್ನು ಕೊನೆತನಕ ಕಾಯುವುದು: ಇಷ್ಟನ್ನು ಚೆನ್ನಾಗಿಯೇ ಕಲಿಸಿದರು. ಆದರೆ ಅಭ್ಯಾಸವೆಲ್ಲ ಇಂಗ್ಲಿಷ್ ಮೆನು ಕಾರ್ಡು, ವಿಸಿಟಿಂಗ್ ಕಾರ್ಡುಗಳ ಮೇಲೆ.

ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್‌ಗೆ ನಮ್ಮ ಲೇಖನ ಸುರಿದರೆ ‘ಅಮ್ಮ’ ಹೋಗಿ ‘ಅಮ್‌ಮ’ ಆಯಿತು. ಹಳೆಯ ನುಡಿ ಫಾಂಟಿಗೆ ಬದಲಾಯಿಸಿಕೊಳ್ಳಿ ಎಂದರು ಮೇಷ್ಟ್ರು. ಹನ್ನೊಂದು ಲೇಖನ ಬದಲಾಯಿಸಿದೆ. ಆ ಫಾಂಟಿನಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಚಿಹ್ನೆಗಳು, ಹಾಗಾಗಿ ಆಮೇಲೆ ಒಂದು ಹೆಸರು ಹುಡುಕಿ ತಿದ್ದಲೂ ಆಗದೆ ಒದ್ದಾಡಿದೆ. ಪ್ರೆಸ್ಸಿನಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ) ಮಾಡುವ ಅಕ್ಕ, ನುಡಿಗೆ ಬದಲಿಸದ ಮೂಲ ಲೇಖನಕ್ಕೇ ಪ್ಯಾರಾಗ್ರಾಫ್ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿದರು, ಯೂನಿಕೋಡ್ (ಮೊಬೈಲಿನಲ್ಲಿ ಟೈಪ್ ಮಾಡುವಂಥ) ಅಕ್ಷರಗಳ ಒತ್ತುಗಳೆಲ್ಲ ತಮ್ಮ ಜಾಗಕ್ಕೆ ಬಂದವು.

ನಿಜವಾದ ಕಾಟ ಸಾಲಿನ ಅಂತರದ್ದು. ಕ್ಲಾಸಿನಲ್ಲಿ ಅದನ್ನು ‘ಆಟೋ’ಗೆ ಬಿಡಿ ಎಂದಿದ್ದರು. ಆಟೋ ಅಂದರೆ ಅಕ್ಷರದ ಅಳತೆಯ 120%. 12 ಪಾಯಿಂಟಿಗೆ 14.4. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ಕೆಲವು ಅಕ್ಷರಗಳ ಬಾಲ ಮಾತ್ರ. ನಮ್ಮಲ್ಲಿ ಒತ್ತು ಇಳಿಯುತ್ತದೆ, ‘ರಾಷ್ಟ್ರ’, ‘ಸ್ತ್ರೀ’ ಬಂದರೆ ಒತ್ತಿನ ಜೊತೆಗೆ ಇನ್ನೊಂದು ಒತ್ತು. ಕೆಳಗಿನ ಸಾಲಿನಿಂದ ಗುಡಿಸು ಮೇಲೇಳುತ್ತದೆ. ನಾನು ತೆಗೆದ ಪ್ರಿಂಟಿನಲ್ಲಿ ಎರಡೂ ಅಂಟಿಕೊಂಡು, ಪುಟ ಕಪ್ಪು ಚಾಪೆಯ ಹಾಗಿತ್ತು.

“ಇಂಗ್ಲಿಷಿಗೆ ಇಟ್ಟ ಜಾಗದಲ್ಲಿ ಕನ್ನಡದ ಒತ್ತು ಎಲ್ಲಿ ಕೂರಬೇಕು ಸರ್?” ಎಂದರು ಅಕ್ಕ. ಒತ್ತು ತುಂಬಿದ ಒಂದು ಪ್ಯಾರಾ ಆರಿಸಿ, ಅದನ್ನೇ ಮೂರು ಅಂತರದಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದರು. ದೂರ ನಿಂತು ನೋಡಿದರೆ ಯಾವುದು ಸರಿ ಎಂದು ಕೇಳಬೇಕಾಗಿಯೇ ಇರಲಿಲ್ಲ. 11 ಪಾಯಿಂಟ್ ಅಕ್ಷರ, 17 ಪಾಯಿಂಟ್ ಅಂತರ ಎಂದಾಯಿತು. 48 ಪುಟ 52ಕ್ಕೆ ಏರಿತು. ನಡುವೆ ಪಿನ್ ಹೊಡೆಯುವ ಪುಸ್ತಕ ನಾಲ್ಕು ನಾಲ್ಕು ಪುಟವಾಗಿಯೇ ಬೆಳೆಯಬೇಕು ಅನ್ನುವುದನ್ನೂ ಆವತ್ತೇ, ಹಾಳೆ ಮಡಚಿ ತೋರಿಸಿ ಕಲಿಸಿದರು.

ವೀಡಿಯೊಗಳು ಪುಕ್ಕಟೆ. ಕತ್ತರಿಸುವಾಗ ಬಿಳಿ ಗೆರೆ ಉಳಿಯದಂತೆ ಚಿತ್ರವನ್ನು ಅಂಚಿನಾಚೆ 3 ಮಿ.ಮೀ. ಚಾಚಿ ಬ್ಲೀಡ್ ಬಿಡುವುದು, ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಬೇಕಾದ್ದು ಅಲ್ಲೇ ಕಲಿತದ್ದು. ಆಫೀಸು ಮುಗಿಸಿ ರಾತ್ರಿ ನೋಡಿದ್ದು ಬೆಳಿಗ್ಗೆ ನನಗೆ ನೆನಪಿರುವುದಿಲ್ಲ, ಅಷ್ಟೇ ತೊಂದರೆ.

ಪ್ರೆಸ್ಸಿನಲ್ಲಿ ಬಣ್ಣದ ವಿಚಾರ ಯಾರೂ ಹೇಳಿಕೊಡುವುದಿಲ್ಲ. ಜಾಹೀರಾತು ಕಂಪನಿಯಲ್ಲಿ ಕೆಲಸ ಹುಡುಕುವವರಾದರೆ ಕ್ಲಾಸಿನ ದುಡ್ಡು ದಂಡವಲ್ಲ, ತೋರಿಸಲು ನಾಲ್ಕು ಕೆಲಸವಾದರೂ ಕೈಯಲ್ಲಿರುತ್ತವೆ. ನನ್ನದು ವರ್ಷಕ್ಕೊಂದು ಸಂಚಿಕೆ. ಇನ್‌ಡಿಸೈನ್‌ನಂಥ ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ನನಗೆ ಗಿಟ್ಟುವುದಿಲ್ಲ. ಮನೆಯಲ್ಲಿ ಅದೇ ಕೆಲಸದ ಉಚಿತ ಸಾಫ್ಟ್‌ವೇರ್ ಸ್ಕ್ರೈಬಸ್ 1.6 ಹಾಕಿಕೊಂಡಿದ್ದೇನೆ, ಒತ್ತಕ್ಷರ ಸರಿಯಾಗಿ ಕೂರುತ್ತದೆ. ಕಲಿಯುವುದಕ್ಕೆ ಶನಿವಾರ ಪ್ರೆಸ್ಸು. ಅವರು ದುಡ್ಡು ಕೇಳಲಿಲ್ಲ, ಮುದ್ರಣದ ಕೆಲಸ ಅವರಿಗೇ ಕೊಟ್ಟೆ.

ನೀವು ಹೋಗುವುದಾದರೆ ನಿಮ್ಮದೇ ಒಂದು ಲೇಖನ ಪೆನ್‌ಡ್ರೈವಿನಲ್ಲಿ ಇರಲಿ. ಅಕ್ಟೋಬರ್ ಮಾತ್ರ ಬೇಡ. ಊರಿನ ಸಂಘಗಳೆಲ್ಲ ಸಂಚಿಕೆ ಹಿಡಿದು ಅಲ್ಲೇ ನಿಂತಿರುತ್ತವೆ.