ಥರ್ಮಾಕೋಲ್, ಸನ್‌ಪ್ಯಾಕ್, ಫೋಮ್ ಬೋರ್ಡ್: ಗದ್ದೆಬಯಲಲ್ಲಿ ಹಾರಿಸಿ ನೋಡಿದ ಮೂರು ವಿಮಾನ

ತೀರ್ಥಹಳ್ಳಿ ಕಡೆ ಭತ್ತದ ಕೊಯ್ಲು ಮುಗಿದು ಗದ್ದೆ ಒಣಗುವಾಗ ಡಿಸೆಂಬರ್ ಬಂದಿರುತ್ತದೆ. ಅಲ್ಲಿಂದ ಮುಂಗಾರು ಪೂರ್ವ ಮಳೆ ಶುರುವಾಗುವವರೆಗೆ ಮನೆ ಮುಂದಿನ ಗದ್ದೆಬಯಲೇ ನನ್ನ ರನ್‌ವೇ. ಎರಡು ವರ್ಷದಲ್ಲಿ ಅಲ್ಲಿ ಮೂರು ಆರ್‌ಸಿ (ರಿಮೋಟಿನಿಂದ ಹಾರಿಸುವ ಆಟದ) ವಿಮಾನಗಳನ್ನು ಕೈಯಾರೆ ಕಟ್ಟಿ ಹಾರಿಸಲು ಕಲಿತೆ. ಮೂರಕ್ಕೂ ಒಳಗಿನ ಸಾಮಾನು ಒಂದೇ: 2212 ಗಾತ್ರದ 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಸಾವಿರ ಸುತ್ತಿನ) ಮೋಟಾರ್, ಅದರ ವೇಗ ಹಿಡಿತದಲ್ಲಿಡುವ 30 ಆಂಪಿಯರ್ ಇಎಸ್‌ಸಿ, ರೆಕ್ಕೆ-ಬಾಲದ ಪಟ್ಟಿಗಳನ್ನು ಆಡಿಸುವ 9 ಗ್ರಾಂ ಸರ್ವೋಗಳು, ಮೂರು ಸೆಲ್‌ನ 2200 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ರೆಕ್ಕೆಯೂ ಒಂದೇ ಅಳತೆ, ಉದ್ದ 120 ಸೆಂ.ಮೀ., ಅಗಲ 20. ಮುಖ್ಯವಾಗಿ ಬದಲಾಗಿದ್ದು ಮೈ ಕಟ್ಟಿದ ವಸ್ತು.

ಮೊದಲನೆಯದು ಥರ್ಮಾಕೋಲ್. ಪೇಟೆಯಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ, ಬ್ಲೇಡಿಗೆ ಸಲೀಸಾಗಿ ಬಗ್ಗುತ್ತದೆ. ಬ್ಯಾಟರಿ ಸೇರಿ ತೂಕ 550 ಗ್ರಾಂ. ಅರ್ಧ ಥ್ರಾಟಲ್‌ಗೇ, ಅಂದರೆ ಮೋಟಾರಿನ ಅರ್ಧ ಬಲಕ್ಕೇ, ಹಗುರಾಗಿ ಎದ್ದು ಕೊಕ್ಕರೆಯ ಹಾಗೆ ತೇಲಿತು. ಅಂಟಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಚಪ್ಪಲಿಗೆ ಹಾಕುವ ರಬ್ಬರ್ ಅಂಟು, ಸ್ಪ್ರೇ ಪೇಂಟ್ ಎರಡೂ ಅದನ್ನು ಕರಗಿಸುತ್ತವೆ. ಬಿಳಿ ಫೆವಿಕಾಲ್ ಆಗುತ್ತದೆ, ಆದರೆ ನಮ್ಮ ಥಂಡಿಯಲ್ಲಿ ಒಣಗಲು ಎರಡು ದಿನ. ಕೆಟ್ಟದ್ದು ಗಾಳಿ. ಹತ್ತು ಗಂಟೆಯ ಮೇಲೆ ಗುಡ್ಡದ ಕಡೆಯಿಂದ ಸಣ್ಣಗೆ ಬೀಸಿದರೂ ವಿಮಾನ ನನ್ನ ಮಾತು ಬಿಟ್ಟು ಗಾಳಿಯ ಮಾತು ಕೇಳುತ್ತಿತ್ತು. ಐದನೇ ಸಲ ಹಾರಿಸಿದಾಗ ಪಕ್ಕದ ಅಡಿಕೆ ತೋಟಕ್ಕೆ ನುಗ್ಗಿ ಮರದ ತಲೆಯಲ್ಲಿ ಕೂತಿತು. ಅಡಿಕೆ ಕೊನೆ ಇಳಿಸುವ ಕೊನೆಗೌಡರು ಉದ್ದ ಕೋಲಿನ ದೋಟಿ ತಂದು ಮೆಲ್ಲಗೆ ಎಳೆದರು. ಮೋಟಾರ್ ಉಳಿಯಿತು, ರೆಕ್ಕೆ ಮೂರು ತುಂಡು. ಥರ್ಮಾಕೋಲ್ ಮುರಿದರೆ ಕಾಳುಕಾಳಾಗಿ ಉದುರುತ್ತದೆ. ಅಂಚು ಕೂಡುವುದೇ ಇಲ್ಲ, ಗದ್ದೆಬದುವಿನ ಮೇಲೆ ಕೂತು ರಿಪೇರಿ ಮಾಡುವ ಹಾಗಿಲ್ಲ.

ಆ ಸಿಟ್ಟಿಗೆ ಎರಡನೆಯದನ್ನು ಸನ್‌ಪ್ಯಾಕ್ ಶೀಟಿನಲ್ಲಿ ಕಟ್ಟಿದೆ. ಚುನಾವಣೆ ಬೋರ್ಡಿಗೆ ಬಳಸುವ, ಒಳಗೆ ಕೊಳವೆಕೊಳವೆಯಾಗಿರುವ ಪ್ಲಾಸ್ಟಿಕ್ ಹಾಳೆ ಅದು. ಇಬ್ಬನಿಗೆ ಜಗ್ಗುವುದಿಲ್ಲ, ಬಗ್ಗುತ್ತದೆಯೇ ಹೊರತು ಮುರಿಯುವುದಿಲ್ಲ. ಆದರೆ ಅಂಟು ಯಾವುದೂ ಹಿಡಿಯುವುದಿಲ್ಲ, ಎಲ್ಲ ಕಡೆ ಕೇಬಲ್ ಟೈ ಬಿಗಿಯಬೇಕು. ತಕ್ಕಡಿಗೆ ಇಟ್ಟರೆ 1100 ಗ್ರಾಂ.

ಕಲಿಯುವವರು ಈ ತೂಕದ ಲೆಕ್ಕವನ್ನು ಸರಿಯಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಅದೇ ರೆಕ್ಕೆಗೆ ಎರಡು ಪಟ್ಟು ತೂಕ ಹೇರಿದರೆ, ಬೀಳದೆ ನಿಲ್ಲಲು ಬೇಕಾದ ಕನಿಷ್ಠ ವೇಗ ಸುಮಾರು 1.4 ಪಟ್ಟು ಹೆಚ್ಚುತ್ತದೆ. ತೂಕವೂ ವೇಗವೂ ಏರಿದ ಮೇಲೆ ನೆಲಕ್ಕೆ ಬಡಿಯುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮೈ ಗಟ್ಟಿಯಿದೆ ಎಂದು ನೆಮ್ಮದಿಯಾಗಿದ್ದೆ. ಮೂಗು ಕೆಳಗಾಗಿ ಬಿದ್ದ ಆ ಬೆಳಿಗ್ಗೆ ಸನ್‌ಪ್ಯಾಕಿಗೆ ಗೀರೂ ಆಗಲಿಲ್ಲ, ಮೋಟಾರಿನ ಶಾಫ್ಟ್ ಬಾಗಿತ್ತು, ಬ್ಯಾಟರಿಯ ಮೂಲೆ ಜಜ್ಜಿಹೋಗಿತ್ತು. ಜಜ್ಜಿದ ಲಿಪೊ ಯಾವಾಗ ಬೆಂಕಿ ಹಿಡಿಯುತ್ತದೋ ಹೇಳಲಾಗದು. ಅವತ್ತಿಡೀ ಅದನ್ನು ಅಂಗಳದ ನಡುವೆ ಮರಳಿನ ಬಕೆಟ್ಟಿನಲ್ಲಿ ಇಟ್ಟು ಕಾದೆವು.

ಒಂದು ಮಾತು ಹೇಳಲೇಬೇಕು. ಅದಕ್ಕೆ ಮಾತ್ರ ಏಲ್ರಾನ್ (ವಿಮಾನವನ್ನು ಎಡಬಲಕ್ಕೆ ಓಲಿಸುವ, ರೆಕ್ಕೆಯ ಹಿಂದಿನ ಅಂಚಿನ ಪಟ್ಟಿ) ಹಾಕಿ ರೆಕ್ಕೆಯನ್ನು ತುದಿ ಮೇಲಕ್ಕೆ ಬಾಗಿಸದೆ ಚಪ್ಪಟೆ ಮಾಡಿದ್ದೆ, ಹಾಗಾಗಿ ದೂರೆಲ್ಲ ಸನ್‌ಪ್ಯಾಕ್ ಮೇಲೆ ಹೊರಿಸುವುದು ನ್ಯಾಯವಲ್ಲ. ಚಪ್ಪಟೆ ರೆಕ್ಕೆ ತಾನಾಗಿ ಸಮಕ್ಕೆ ಬರುವುದಿಲ್ಲ, ಕೈ ಪಳಗದವರಿಗೆ ಕಷ್ಟ.

ಮೂರನೆಯದು ಫೋಮ್ ಬೋರ್ಡ್, ಎರಡೂ ಬದಿಗೆ ಕಾಗದ ಅಂಟಿಸಿದ 5 ಮಿ.ಮೀ. ಹಲಗೆ. ಅಂಗಡಿಯಲ್ಲಿ ಸನ್‌ಬೋರ್ಡ್ ಕೊಟ್ಟರೆ ತರಬೇಡಿ, ಅದು ಪಿವಿಸಿ, ಭಾರ. ರೆಕ್ಕೆ ಮೇಲ್ಗಡೆ, ಎರಡೂ ತುದಿ 6 ಸೆಂ.ಮೀ. ಎತ್ತರಕ್ಕೆ ಬಾಗಿಸಿದ್ದು, ಎಡಬಲ ತಿರುಗಿಸುವ ರಡ್ಡರ್, ಮೂಗು ಏರಿಸಿ ಇಳಿಸುವ ಎಲಿವೇಟರ್, ಥ್ರಾಟಲ್, ರಿಮೋಟಿನಿಂದ ನಡೆಸುವುದು ಈ ಮೂರೇ ಚಾನೆಲ್. 740 ಗ್ರಾಂ ಬಂತು. ಸಮತೋಲದ ಗುರುತನ್ನು ರೆಕ್ಕೆಯ ಮುಂದಿನ ಅಂಚಿನಿಂದ 5–6 ಸೆಂ.ಮೀ. ಹಿಂದೆ ಹಾಕಿ, ಎರಡು ಬೆರಳ ಮೇಲೆ ನಿಲ್ಲಿಸಿದಾಗ ಮೂಗು ತುಸು ತಗ್ಗುವಂತೆ ಬ್ಯಾಟರಿ ಸರಿಸಿದೆ. ಗಾಳಿಯಲ್ಲಿ ಓಲಿದರೂ ರಿಮೋಟಿನ ಸ್ಟಿಕ್ ಬಿಟ್ಟರೆ ತಾನೇ ನೆಟ್ಟಗಾಗುತ್ತದೆ. ಬಿದ್ದರೆ ಮಡಿಕೆ ಬೀಳುತ್ತದೆ, ಹಾಟ್ ಗ್ಲೂ ಗನ್ನಿನಿಂದ ಐದು ನಿಮಿಷದಲ್ಲಿ ಕೂಡಿಸಿ ಮತ್ತೆ ಹಾರಿಸಬಹುದು. ಪ್ರೊಪೆಲ್ಲರನ್ನು ರಬ್ಬರ್ ರಿಂಗಿನಲ್ಲಿ ಕಟ್ಟಿದರೆ ಅದೂ ಉಳಿಯುತ್ತದೆ. ಒಂದೇ ಬೆಳಿಗ್ಗೆ ಏಳು ಸಲ ಇಳಿಸಿದ್ದು ಇದರಲ್ಲೇ.

ಇದರ ಶತ್ರು ನೀರು. ಮಂಜು ಕರಗಿದ ಮೇಲೂ ಕೂಳೆಯ ಮೇಲೆ ಇಬ್ಬನಿ ಇರುತ್ತದೆ, ನಾಲ್ಕು ಸಲ ಹೊಟ್ಟೆ ಉಜ್ಜಿ ಇಳಿದರೆ ಕಾಗದ ಉಬ್ಬಿ ಏಳುತ್ತದೆ. ಬ್ರೌನ್ ಟೇಪ್ ಸುತ್ತಿದರೂ ಕೂಳೆ ಅದನ್ನು ಸೀಳುತ್ತಿತ್ತು. ಕೊನೆಗೆ ಕೈಗೆ ಬಂದದ್ದು ತೋಟದಲ್ಲಿ ಬಿದ್ದಿದ್ದ ಅಡಿಕೆ ಹಾಳೆ. ಅರ್ಧ ಗಂಟೆ ನೀರಲ್ಲಿ ನೆನೆಸಿದರೆ ತೊಗಲಿನ ಹಾಗೆ ಮೆತ್ತಗಾಗುತ್ತದೆ. ವಿಮಾನದ ಹೊಟ್ಟೆಯ ಅಗಲಕ್ಕೆ ಕತ್ತರಿಸಿ, ಅದೇ ಅಗಲದ ಮರದ ತುಂಡಿಗೆ ಹಗ್ಗದಿಂದ ಬಿಗಿದು ಒಣಗಿಸಿದೆ. ಒಣಗಿದ ಮೇಲೆ ದೋಣಿಯ ಆಕಾರಕ್ಕೆ ಗಟ್ಟಿಯಾಗಿ ನಿಂತಿತು. ನುಣ್ಣನೆಯ ಒಳಮೈ ನೆಲದ ಕಡೆಗೆ. ಆ ಹೊಟ್ಟೆಯ ಮೇಲೆ ವಿಮಾನ ಕೂಳೆಯಲ್ಲಿ ಸುಯ್ಯನೆ ಜಾರಿ ನಿಲ್ಲುತ್ತದೆ.

ನನ್ನ ಆಯ್ಕೆ ಫೋಮ್ ಬೋರ್ಡ್, ಮೂರು ಚಾನೆಲ್, ಹೊಟ್ಟೆಗೆ ಹಾಳೆ. ಏಲ್ರಾನ್ ಬೇಕಾದವರು ಇದರಲ್ಲಿ ಕೈ ಪಳಗಿಸಿಕೊಂಡು ಹೋಗಲಿ. ಶಿವಮೊಗ್ಗ ಪೇಟೆಯವರು 2023ರಲ್ಲಿ ಶುರುವಾದ ಸೋಗಾನೆ ವಿಮಾನ ನಿಲ್ದಾಣದಿಂದ ದೂರ ಹೋಗಬೇಕು. 2021ರ ಡ್ರೋನ್ ನಿಯಮದಂತೆ ನಿಲ್ದಾಣದ ಸುತ್ತ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ, 8ರಿಂದ 12 ಕಿ.ಮೀ. ನಡುವೆ 200 ಅಡಿ ದಾಟುವಂತಿಲ್ಲ.

ಈಗ ಅಣ್ಣನ ಮಗ ಕಲಿಯುತ್ತಿದ್ದಾನೆ. ವಿಮಾನ ನಮ್ಮ ಕಡೆಗೆ ತಿರುಗಿದಾಗ ಎಡಬಲ ಅದಲುಬದಲಾಗಿ ಅವನಿಗೆ ಗಾಬರಿ. "ಚಿಕ್ಕಪ್ಪಾ, ಯಾವ ಕಡೆ?" ಅಂತ ಕೂಗುತ್ತಾನೆ. "ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳು ಮಾರಾಯ" ಎನ್ನುತ್ತೇನೆ. ಅವನಿಗೆ ಅಂತಲೇ ಅದೇ ಅಳತೆಯ ಇನ್ನೊಂದನ್ನು ಕತ್ತರಿಸಿ ಅಟ್ಟದ ಮೇಲೆ ಇಟ್ಟಿದ್ದೇನೆ. ಹಾಳೆ ನೆನೆಸುವುದು ಬಾಕಿ.