ಮೇರಿ ಮೀಕರ್ ಅವರ ‘ಇಂಟರ್ನೆಟ್ ಟ್ರೆಂಡ್ಸ್’: ಆ ಒಂದು ಸ್ಲೈಡ್‌ಗಾಗಿಯಾದರೂ ಓದಿ

ಅಮೆರಿಕದ ವಿಶ್ಲೇಷಕಿ, ಹೂಡಿಕೆದಾರರಾದ ಮೇರಿ ಮೀಕರ್ ಇಂಟರ್ನೆಟ್ ಲೋಕದ ಬೆಳವಣಿಗೆಯನ್ನು ಅಂಕಿಅಂಶಗಳಲ್ಲಿ ತೋರಿಸುತ್ತಿದ್ದ ವಾರ್ಷಿಕ ವರದಿ ಇದು. ಪುಕ್ಕಟೆ ಸಿಗುತ್ತದೆ. ಪಿಡಿಎಫ್ ಇಳಿಸಿಕೊಂಡರೆ ಆಯ್ತು. 2019ರ ವರದಿಯಲ್ಲಿ 333 ಸ್ಲೈಡ್‌ಗಳಿವೆ. ಹೆದರಬೇಡಿ, ಎಲ್ಲವನ್ನೂ ಓದಲೇಬೇಕು ಅಂತೇನಿಲ್ಲ.

ನಾನು ಪತ್ರಿಕೆಯೊಂದರಲ್ಲಿ ಜಾಹೀರಾತಿನ ಜಾಗ ಮಾರುತ್ತಿದ್ದವಳು. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದರ ಹೇಳುವುದೇ ನನ್ನ ಕೆಲಸ. ಹಾಗಾಗಿ ನನ್ನ ಕಣ್ಣು ನಿಂತದ್ದು ಒಂದು ಸ್ಲೈಡ್ ಮೇಲೆ. ಜನ ಯಾವ ಮಾಧ್ಯಮಕ್ಕೆ ಎಷ್ಟು ಹೊತ್ತು ಕೊಡುತ್ತಾರೆ, ಜಾಹೀರಾತಿನ ದುಡ್ಡು ಯಾವುದಕ್ಕೆ ಎಷ್ಟು ಹೋಗುತ್ತದೆ ಎಂಬುದನ್ನು ಅಕ್ಕಪಕ್ಕ ಇಟ್ಟು ತೋರಿಸುವ ಸ್ಲೈಡ್ ಅದು. 2012ರ ವರದಿಯಲ್ಲಿ ಅಮೆರಿಕದ ಲೆಕ್ಕ ಹೀಗಿದೆ: ಮುದ್ರಣಕ್ಕೆ ಜನರ ಸಮಯ ಶೇ 7, ಜಾಹೀರಾತಿನ ದುಡ್ಡು ಶೇ 25. ಮೊಬೈಲ್‌ಗೆ ಸಮಯ ಶೇ 10, ದುಡ್ಡು ಬರೀ ಶೇ 1. ಆಮೇಲೆ 2019ರ ವರದಿ ತೆಗೆದು ನೋಡಿ. ಮೊಬೈಲ್‌ಗೆ ಸಮಯವೂ ಶೇ 33, ದುಡ್ಡೂ ಶೇ 33! ಜನ ಮೊದಲು ಹೋಗುತ್ತಾರೆ, ದುಡ್ಡು ನಿಧಾನವಾಗಿ ಹಿಂದೆ ಬರುತ್ತದೆ. ನಮ್ಮ ಕಸುಬಿಗೆ ಏನಾಗುತ್ತಿದೆ ಎಂದು ಇಷ್ಟು ಸ್ಪಷ್ಟವಾಗಿ ನನಗೆ ಬೇರೆ ಯಾರೂ ತೋರಿಸಿರಲಿಲ್ಲ.

ಆ ನಡುವಿನ ಅಂತರದಲ್ಲೇ ಮೀಕರ್ ಹೂಡಿಕೆಯ ಅವಕಾಶ ಕಂಡರು. 1991ರಲ್ಲಿ ಮಾರ್ಗನ್ ಸ್ಟ್ಯಾನ್ಲಿ ಎಂಬ ಹೂಡಿಕೆ ಬ್ಯಾಂಕ್ ಸೇರಿದವರು, 1995ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿ ಷೇರುಪೇಟೆಗೆ ಬಂದಾಗ ಅಲ್ಲೇ ಇದ್ದರು. 2000ದಲ್ಲಿ ಡಾಟ್‌ಕಾಂ ಎನ್ನಿಸಿಕೊಂಡ ಇಂಟರ್ನೆಟ್ ಕಂಪನಿಗಳು ಕುಸಿದಾಗ ‘ಇವರು ಬರೀ ಒಳ್ಳೆಯದನ್ನೇ ಹೇಳಿದರು’ ಎಂಬ ಟೀಕೆ ಜೋರಾಗಿಯೇ ಬಂತು. ಆದರೂ ಅಂಕಿಅಂಶ ಕೂಡಿಸುವುದನ್ನು ಬಿಡಲಿಲ್ಲ. ಮುಂದೆ ಹೊಸ ಕಂಪನಿಗಳಲ್ಲಿ ದುಡ್ಡು ಹಾಕುವ ಕ್ಲೈನರ್ ಪರ್ಕಿನ್ಸ್ ಸಂಸ್ಥೆಗೆ ಹೋಗಿ ವಿಶ್ಲೇಷಕಿಯಿಂದ ಹೂಡಿಕೆದಾರರಾದರು. 2018ರಲ್ಲಿ ಅಲ್ಲಿಂದ ಹೊರಬಂದು ‘ಬಾಂಡ್’ ಎಂಬ ತಮ್ಮದೇ ಹೂಡಿಕೆ ಸಂಸ್ಥೆ ಕಟ್ಟಿದರು. ಅದರ ಮೊದಲ ನಿಧಿಯೇ 125 ಕೋಟಿ ಡಾಲರ್. ಹಳೇ ವರದಿಗಳನ್ನು ಸಾಲಾಗಿ ಓದಿದರೆ ಈ ಹೆಂಗಸಿನ ವೃತ್ತಿಜೀವನವೇ ಕಣ್ಣ ಮುಂದೆ ಬರುತ್ತದೆ. ನನಗೆ ಅವರ ಮೇಲೆ ತುಂಬಾ ಗೌರವ.

ಕೊರತೆಯೂ ಇದೆ. ಬರೆಯುವವರೇ ಇದೇ ಕ್ಷೇತ್ರದಲ್ಲಿ ದುಡ್ಡು ಹಾಕಿದವರು ಅಲ್ವಾ? ಮೇಲೇರುವ ಗೆರೆಗಳೇ ಜಾಸ್ತಿ. 2025ರ ಮೇ ತಿಂಗಳಲ್ಲಿ ಬಂದ 340 ಪುಟದ ಎಐ ವರದಿಯಲ್ಲಂತೂ ‘ಹಿಂದೆಂದೂ ಕಂಡಿಲ್ಲ’ ಎಂಬ ಮಾತು ಎಷ್ಟು ಸಲ ಬರುತ್ತದೆಂದರೆ ಓದುವವರಿಗೆ ಸುಸ್ತಾಗುತ್ತದೆ. ಚಾಟ್‌ಜಿಪಿಟಿಯನ್ನು ವಾರಕ್ಕೆ 80 ಕೋಟಿ ಜನ ಬಳಸುತ್ತಾರೆ ಎಂಬ ಪುಟದಲ್ಲೇ ನಿಲ್ಲಬೇಡಿ. ಆದಾಯ ಎಷ್ಟು, ಖರ್ಚು ಎಷ್ಟು ಎಂದು ತೋರಿಸುವ ಪುಟಗಳವರೆಗೂ ಹೋಗಿ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅವೇ.

ಹೊಸಬರು 2019ರದ್ದರಿಂದ ಶುರು ಮಾಡಿ, ಆಮೇಲೆ 2012ಕ್ಕೆ ಹಿಂದಕ್ಕೆ ಹೋಗಿ. ಫೋನಿನಲ್ಲಿ ಮಾತ್ರ ಓದಬೇಡಿ. ಅಂಕಿಗಳ ಮೂಲವನ್ನು ಸ್ಲೈಡ್‌ನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ, ಅದನ್ನು ನೋಡಲು ದೊಡ್ಡ ಪರದೆ ಬೇಕು.