ಸುರತ್ಕಲ್‌ನಲ್ಲಿ ಎದ್ದ ಪಾಗಾರ: ಎತ್ತರದ ನಕ್ಷೆಗೆ ಬಣ್ಣ ಹಚ್ಚಲು ಮೂರು ದಾರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಜಿಡಿಎಎಲ್‌ನ ಕಲರ್-ರಿಲೀಫ್‌ಗೆ, ಅಂದರೆ ಎತ್ತರಕ್ಕೆ ತಕ್ಕ ಬಣ್ಣ ಹಚ್ಚುವ ಅದರ ಆಜ್ಞೆಗೆ. ನೋಡಲು ಏನೂ ಚಂದ ಇಲ್ಲ. ಮೆನು ಇಲ್ಲ, ಬಟನ್ ಇಲ್ಲ, ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಬೇಕು ಅಷ್ಟೆ. ಆದರೆ ಎ1 ಅಳತೆಯ ಎರಡು ಪ್ರಿಂಟ್ ಹಾಳಾಗಿ, ಒಂದಕ್ಕೆ 350ರಂತೆ 700 ರೂಪಾಯಿ ಹೋದ ಮೇಲೆ ನನ್ನ ಮರ್ಯಾದೆ ಉಳಿಸಿದ್ದು ಅದೇ. ಕ್ಯೂಜಿಐಎಸ್, ಗ್ರಾಸ್, ಜಿಡಿಎಎಲ್ ಮೂರೂ ನಕ್ಷೆಯ ಕೆಲಸದ ಸಾಫ್ಟ್‌ವೇರ್, ಮೂರೂ ಪುಕ್ಕಟೆ. ಹಾಗಾಗಿ ಇಲ್ಲಿ ಬಜೆಟ್ ಅಂದರೆ ಪ್ರಿಂಟಿನ ದುಡ್ಡು, 4 ಜಿಬಿಯ ನನ್ನ ಹಳೆ ಲ್ಯಾಪ್‌ಟಾಪ್, ಮತ್ತೆ ಮಳೆಗಾಲದಲ್ಲಿ ಕರೆಂಟ್ ಇರುವಷ್ಟು ಹೊತ್ತು.

ಕೆಲಸ ಸಣ್ಣದು. ಪರಿಚಯದ ಮಾಸ್ಟ್ರೊಬ್ಬರಿಗೆ ಶಾಲೆಯ ಗೋಡೆಗೆ ಹಾಕಲು ಕಾಸರಗೋಡಿನಿಂದ ಕುಂದಾಪುರದವರೆಗೆ, ಮೂಡಕ್ಕೆ ಘಟ್ಟದ ತಲೆಯವರೆಗೆ ನೆಲದ ಎತ್ತರ ತೋರಿಸುವ ನಕ್ಷೆ ಬೇಕಿತ್ತು. ಎಸ್‌ಆರ್‌ಟಿಎಂ ಎಂಬ ನೆಲದ ಎತ್ತರದ ಡೇಟಾ ಇಳಿಸಿಕೊಂಡೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ರಾಡಾರ್‌ನಿಂದ ಅಳೆದದ್ದು. ಒಂದು ಡಿಗ್ರಿಗೆ ಒಂದು ಚೌಕದ ಹಾಗೆ ಫೈಲ್ ಸಿಗುತ್ತದೆ. ನನಗೆ ನಾಲ್ಕು ಬೇಕಾಯಿತು. ನಾಲ್ಕನ್ನೂ ಕ್ಯೂಜಿಐಎಸ್‌ಗೆ ಎಳೆದು ಹಾಕಿ, ಎಲ್ಲಕ್ಕೂ ಅದೇ ಹಸಿರು-ಹಳದಿ-ಕಂದು ಬಣ್ಣದ ಪಟ್ಟಿ ಕೊಟ್ಟು, ಪ್ರಿಂಟ್ ಹೊಡೆಸಿ ತಂದೆ. ಮಾಸ್ಟ್ರು ಕನ್ನಡಕ ಏರಿಸಿ ನೋಡಿ ಕೇಳಿದರು: "ಎಂಥ ಮಾರಾಯ ಇದು, ಸುರತ್ಕಲ್‌ನಲ್ಲಿ ಪಾಗಾರ ಕಟ್ಟಿದ್ದೀಯಾ?"

ಹೌದು, ಕಟ್ಟಿದ್ದೆ. ಸುರತ್ಕಲ್ ಹತ್ತಿರ ಅಡ್ಡಕ್ಕೆ ಸ್ಕೇಲ್ ಇಟ್ಟು ಎಳೆದ ಹಾಗೆ ಒಂದು ಗೆರೆ. ತೆಂಕಿಗೆ ಗುಡ್ಡೆಗಳೆಲ್ಲ ಕಂದು, ಬಡಗಿಗೆ ಅಷ್ಟೇ ಎತ್ತರದ ಗುಡ್ಡೆಗಳು ಹಸಿರು. ಮೂಡುಬಿದಿರೆ ಹತ್ತಿರ ಉದ್ದಕ್ಕೆ ಇನ್ನೊಂದು ಗೆರೆ. ಡೇಟಾ ಹಾಳಾಗಿದೆ ಎಂದುಕೊಂಡು ಮತ್ತೆ ಡೌನ್‌ಲೋಡ್ ಮಾಡಿದೆ, ಗೆರೆ ಅಲ್ಲೇ ಇತ್ತು. ಕೊನೆಗೆ ನಕ್ಷೆಯಲ್ಲಿ ಡಿಗ್ರಿ ನೋಡಿದಾಗ ಟ್ಯೂಬ್‌ಲೈಟ್ ಹತ್ತಿತು: 13 ಡಿಗ್ರಿ ಉತ್ತರದ ಗೆರೆ ಸುರತ್ಕಲ್ ಹತ್ತಿರವೇ ಹೋಗುತ್ತದೆ, 75 ಡಿಗ್ರಿ ಪೂರ್ವದ್ದು ಮೂಡುಬಿದಿರೆ ಹತ್ತಿರ. ಅಂದರೆ ಚೌಕಗಳ ಅಂಚು. ಕ್ಯೂಜಿಐಎಸ್ ಪ್ರತಿ ಚೌಕಕ್ಕೂ ಅದರದ್ದೇ ತಗ್ಗು ಮತ್ತು ಎತ್ತರ ಹುಡುಕಿ, ಬಣ್ಣದ ಪಟ್ಟಿಯನ್ನು ಅದರ ನಡುವೆ ಹಿಗ್ಗಿಸುತ್ತದೆ. ಉಡುಪಿ ಇರುವ ಬಡಗಿನ ಚೌಕದೊಳಗೆ 1,343 ಮೀಟರಿನ ಕೊಡಚಾದ್ರಿ ಕೂತಿದೆ. ಮಂಗಳೂರು ಇರುವ ತೆಂಕಿನ ಚೌಕದಲ್ಲಿ ಅಂಥ ಬೆಟ್ಟವೇ ಇಲ್ಲ. 80 ಮೀಟರಿನ ಗುಡ್ಡೆ ತೆಂಕಿನಲ್ಲಿ ದೊಡ್ಡಣ್ಣ, ಬಡಗಿನಲ್ಲಿ ಪಟ್ಟಿಯ ನೂರಕ್ಕೆ ಆರು ಪಾಲು.

ಸರಿ, ನಾಲ್ಕನ್ನೂ ಜೋಡಿಸಿ ವರ್ಚುವಲ್ ರಾಸ್ಟರ್ ಎಂಬ ಒಂದೇ ನಕ್ಷೆ ಮಾಡಿದೆ. ಗೆರೆ ಮಾಯ, ಜೊತೆಗೆ ಕರಾವಳಿಯೂ ಮಾಯ! ಈಗ ಪಟ್ಟಿ ಸಮುದ್ರದಿಂದ ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿಯವರೆಗೆ ಹಿಗ್ಗಿತ್ತಲ್ವಾ, ಬೆಂಗ್ರೆ, ಕದ್ರಿ ಗುಡ್ಡ, ಬಜ್ಪೆ ಎಲ್ಲ ಒಂದೇ ಹಸಿರು. ಹೊಳೆ ನಡುವಿನ ಕುದ್ರುಗಳಂತೂ (ದ್ವೀಪಗಳು) ನೀರಿನ ಬಣ್ಣಕ್ಕೇ ಸೇರಿಹೋದವು. ಹಾಗಾಗಿ ಒಂದೊಂದು ಎತ್ತರಕ್ಕೂ ಯಾವ ಬಣ್ಣ ಎಂದು ಕೈಯಾರೆ ತುಂಬಿಸಿದೆ. ಚೆನ್ನಾಗಿ ಬಂತು. ಮಾರನೇ ದಿನ ಲೇಔಟ್ ಮಾಡುವಾಗ ಏನೋ ನೋಡಲು ಹೋಗಿ "ಕ್ಲಾಸಿಫೈ" ಬಟನ್ ಒತ್ತಿಬಿಟ್ಟೆ, ತುಂಬಿಸಿದ್ದೆಲ್ಲ ಅಳಿಸಿ ಮತ್ತೆ ಸಮಪಾಲಿನ ಬಣ್ಣ. ಅದನ್ನು ಗಮನಿಸದೆ ಪ್ರಿಂಟ್ ಕೊಟ್ಟೆ. ಎರಡನೇ 350 ಹೋದದ್ದು ಹೀಗೆ. ಇದು ನನ್ನದೇ ತಪ್ಪು, ಸ್ಟೈಲನ್ನು ಬೇರೆ ಫೈಲಾಗಿ ಉಳಿಸಿಕೊಳ್ಳಬಹುದಿತ್ತು. ಆದರೆ ನನ್ನ ಕೈ ಸುಮ್ನೆ ಇರುವುದಿಲ್ಲ, ಬಟನ್ ಕಂಡರೆ ಒತ್ತುತ್ತದೆ. ಇನ್ನೊಂದು ಮಾತು: ಮಿನ್-ಮ್ಯಾಕ್ಸ್ (ತಗ್ಗು-ಎತ್ತರ) ಲೆಕ್ಕವನ್ನು "ಅಪ್‌ಡೇಟೆಡ್ ಕ್ಯಾನ್ವಾಸ್" ಎಂದು ಇಟ್ಟಿದ್ದರೆ ಝೂಮ್ ಮಾಡಿದ ಹಾಗೆಲ್ಲ ಬಣ್ಣ ಬದಲಾಗುತ್ತದೆ, ಹೆದರಬೇಡಿ.

ಗ್ರಾಸ್ ಕೂಡ ನೋಡಿದೆ. ಬಣ್ಣ ಹಚ್ಚುವ ಅದರ ಆಜ್ಞೆ ಆರ್.ಕಲರ್ಸ್ ನಿಜಕ್ಕೂ ಒಳ್ಳೆಯದು. ಎತ್ತರ ಮತ್ತು ಬಣ್ಣ ಬರೆದ ಟೆಕ್ಸ್ಟ್ ಫೈಲ್ ಕೊಟ್ಟರೆ ಆ ಬಣ್ಣ ನಕ್ಷೆಗೇ ಅಂಟಿಕೊಳ್ಳುತ್ತದೆ, ಕಂಡಕಂಡ ಬಟನ್ ಒತ್ತಿ ಅಳಿಸುವ ಭಯ ಇಲ್ಲ. ಆದರೆ ಅದಕ್ಕೆ ಮೊದಲು ಪ್ರಾಜೆಕ್ಟ್, ಮ್ಯಾಪ್‌ಸೆಟ್, ಆಮದು ಎಂದು ಪೂಜೆಗಿಂತ ತಯಾರಿಯೇ ಜಾಸ್ತಿ. ಕೆಲಸದ ಎಲ್ಲೆ ಗುರುತಿಸುವ ಜಿ.ರೀಜನ್ ಹೊಂದಿಸಲು ಮರೆತು, ಹೊರತೆಗೆದ ನಕ್ಷೆಯಲ್ಲಿ ಅರ್ಧ ಉಡುಪಿ ಕತ್ತರಿಸಿಹೋಗಿತ್ತು. ದಿನಾ ಇದೇ ಕೆಲಸ ಮಾಡುವವರು ಗ್ರಾಸ್ ಕಲಿಯಲಿ, ನಾನು ವರ್ಷಕ್ಕೆ ಮೂರು ನಕ್ಷೆ ಮಾಡುವವನು.

ಇನ್ನು ಜಿಡಿಎಎಲ್. ಅದರ ಕಲರ್-ರಿಲೀಫ್ ಫೈಲಿನ ಬರವಣಿಗೆ ಗ್ರಾಸ್‌ನಿಂದಲೇ ಬಂದದ್ದು. ಸಾಲಿಗೊಂದು ಎತ್ತರ, ಪಕ್ಕದಲ್ಲಿ ಕೆಂಪು-ಹಸಿರು-ನೀಲಿಯ ಮೂರು ಅಂಕಿ. ನನ್ನದು ಹೀಗಿದೆ: 0ಗೆ ನೀಲಿ, 1ಕ್ಕೆ ಕಡು ಹಸಿರು, 5ಕ್ಕೆ ತಿಳಿ ಹಸಿರು, 15ಕ್ಕೆ ಹಳದಿ, 50ಕ್ಕೆ ಮುರಕಲ್ಲಿನ ಬಣ್ಣ, 600ಕ್ಕೆ ಕಂದು, 1,900ಕ್ಕೆ ಬೂದು. ನಡುವಿನ ಎತ್ತರಗಳಿಗೆ ಜಿಡಿಎಎಲ್ ತಾನೇ ಬಣ್ಣ ಬೆರೆಸಿಕೊಳ್ಳುತ್ತದೆ. ಎಸ್‌ಆರ್‌ಟಿಎಂನಲ್ಲಿ ಎತ್ತರ ಪೂರ್ಣ ಮೀಟರಿನಲ್ಲೇ ಇರುವುದರಿಂದ 0 ಮತ್ತು 1ರ ನಡುವೆ ಬೆರಕೆ ಇಲ್ಲ, ಕುದ್ರುಗಳು ಸಮುದ್ರದಿಂದ ಬೇರೆಯಾಗಿ ಎದ್ದು ಕಂಡವು. ಶೇಕಡಾ ಲೆಕ್ಕದಲ್ಲೂ ಬರೆಯಬಹುದು, ನಾನು ಮತ್ತೆ ಆ ಕಡೆ ಹೋಗಲಿಲ್ಲ. ಅಳತೆ ಸಿಗದ ಜಾಗದಲ್ಲಿ -32768 ಎಂಬ ಅಂಕಿ ಇರುತ್ತದೆ. ಅದಕ್ಕೆ "ಎನ್‌ವಿ" ಎಂದು ಶುರುವಾಗುವ ಸಾಲು ಬರೆದರಾಯಿತು, ಎತ್ತರದ ಫೈಲಿನಲ್ಲಿ ನೋಡೇಟಾ (ಅಳತೆ ಇಲ್ಲ) ಎಂಬ ಗುರುತು ಉಳಿದಿರಬೇಕು ಅಷ್ಟೆ.

ಕೊರತೆ ಇಲ್ಲವೆಂದಲ್ಲ. ಹೊರಬರುವುದು ಬರೀ ಬಣ್ಣದ ಚಿತ್ರ, ಕ್ಲಿಕ್ ಮಾಡಿದರೆ ಎತ್ತರ ಸಿಗುವುದಿಲ್ಲ. ಯಾವ ಬಣ್ಣ ಎಷ್ಟು ಎತ್ತರ ಎಂದು ಹೇಳುವ ಲೆಜೆಂಡ್ ನಾವೇ ಮಾಡಬೇಕು, ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಊರ ಹೆಸರು, ಲೇಔಟ್ ಎಲ್ಲ ಕ್ಯೂಜಿಐಎಸ್‌ನಲ್ಲೇ ಮಾಡಿದೆ, ಅದರಲ್ಲಿ ಅದನ್ನು ಮೀರಿಸುವುದು ಕಷ್ಟ. ಇನ್ನು 5 ಮೀಟರು, 6 ಮೀಟರು ಎಂದು ಜಗಳಕ್ಕೆ ಕೂರಬೇಡಿ, ದಟ್ಟ ತೋಟಗಳಲ್ಲಿ ರಾಡಾರ್ ನೆಲದ ಜೊತೆ ತೆಂಗಿನ ತಲೆಯನ್ನೂ ಅಳೆದಿರುತ್ತದೆ.

ಮೂರನೇ ಪ್ರಿಂಟ್ ಈಗ ಗೋಡೆಯಲ್ಲಿದೆ. ಮಾಸ್ಟ್ರಿಗೆ ಇನ್ನು ಕಾರವಾರದವರೆಗೆ ಬೇಕಂತೆ. ಭಟ್ಕಳದ ಹತ್ತಿರ 14 ಡಿಗ್ರಿಯ ಗೆರೆ ದಾಟಬೇಕು, ಹೊಸ ಚೌಕ ಇಳಿಸಿಕೊಂಡಿದ್ದೇನೆ. ಬಣ್ಣದ ಫೈಲ್ ಮಾತ್ರ ಅದೇ.